ಹಗುರ ಕೋಲಿನ ಲೆಕ್ಕಾಚಾರ

ಮುರಿದ ಐಸ್ ಹಾಕಿ ಸ್ಟಿಕ್ಕೊಂದನ್ನು ಎತ್ತಿಕೊಂಡು ಅದರ ಬಾಯೊಳಗೆ ಇಣುಕಿದರೆ ಕಾಣುವುದು ಬರೀ ಟೊಳ್ಳು. ಮೂಲೆಗಳು ದುಂಡಗಾದ ಆಯತಾಕಾರದ ಕೊಳವೆ, ಒಂದೆರಡು ಮಿಲಿಮೀಟರ್ ದಪ್ಪದ ಗೋಡೆ, ಮುರಿದ ಅಂಚಿನಲ್ಲಿ ಸಿಬಿರೆದ್ದ ಕಪ್ಪು ನಾರು. ಬ್ಲೇಡನ್ನು ಸೀಳಿದರೆ ನಡುವೆ ಗಟ್ಟಿ ಫೋಮ್, ಎರಡೂ ಬದಿಗೆ ತೆಳ್ಳಗೆ ಹೊದೆಸಿದ ಕಾರ್ಬನ್. ಇಷ್ಟೇ ಸರಕು. ಮೇಲ್ದರ್ಜೆಯ ಸ್ಟಿಕ್ಕುಗಳ ಒಟ್ಟು ತೂಕ ಈಗ 400 ಗ್ರಾಂಗಿಂತಲೂ ಕೆಳಗೆ ಇಳಿದಿದೆ. ತೊಂಬತ್ತು ಕಿಲೋ ತೂಗುವ ಆಟಗಾರ ಜಾರುತ್ತಾ ಬಂದು ಮೈಭಾರವನ್ನೆಲ್ಲ ಇದರ ಮೇಲೆ ಹೇರುತ್ತಾನೆ. ಕೋಲು ಕಣ್ಣಿಗೆ ಕಾಣುವಷ್ಟು ಬಾಗಿ ಮರಳಿ ಚಿಮ್ಮುತ್ತದೆ. 160 ಗ್ರಾಂ ಆಸುಪಾಸಿನ ರಬ್ಬರ್ ಪಕ್ ಗಂಟೆಗೆ 130, 140 ಕಿ.ಮೀ. ವೇಗದಲ್ಲಿ ಹೊರಟುಹೋಗುತ್ತದೆ. ಕ್ರೀಡಾ ಸಲಕರಣೆಗಳ ಪೈಕಿ ಇಷ್ಟು ಕಡಿಮೆ ವಸ್ತುವಿನಿಂದ ಇಷ್ಟು ಕೆಲಸ ತೆಗೆಯುವ ಇನ್ನೊಂದು ಸಾಧನ ನನಗೆ ಗೊತ್ತಿಲ್ಲ. ಈ ಮೆಚ್ಚುಗೆಯನ್ನು ಮೊದಲೇ ಹೇಳಿಬಿಡಬೇಕು. ಏಕೆಂದರೆ ಮುಂದೆ ಬರುವ ತಕರಾರುಗಳು ಈ ಕುಶಲತೆಯ ಮೇಲಲ್ಲ, ಅದನ್ನು ಗ್ರಾಂ ಲೆಕ್ಕದಲ್ಲಿ ಮಾರುವ ರೀತಿಯ ಮೇಲೆ.

ಈ ಪೈಪೋಟಿ ಗ್ರಾಂಗಳಲ್ಲೇ ನಡೆಯಲು ಕಾರಣವಿದೆ. ಉತ್ತರ ಅಮೆರಿಕದ ನ್ಯಾಷನಲ್ ಹಾಕಿ ಲೀಗ್, ಅಂದರೆ ಎನ್‌ಎಚ್‌ಎಲ್, ಸ್ಟಿಕ್ಕಿನ ಉದ್ದ 63 ಇಂಚು ಮೀರಬಾರದು ಎನ್ನುತ್ತದೆ. ತೀರ ಎತ್ತರದ ಆಟಗಾರರಿಗೆ ಮಾತ್ರ 65 ಇಂಚಿನವರೆಗೆ ರಿಯಾಯಿತಿ. ಬ್ಲೇಡಿನ ಉದ್ದ ಹನ್ನೆರಡೂವರೆ ಇಂಚು, ಅದರ ಬಾಗು ಮುಕ್ಕಾಲು ಇಂಚು ಎಂದು ಗೆರೆ ಎಳೆದಿದೆ. ತೂಕದ ಬಗ್ಗೆ ಮಾತ್ರ ಚಕಾರವಿಲ್ಲ. ಕೊಡಗಿನ ಮೈದಾನಗಳಲ್ಲಿ ನಾವು ನೋಡಿ ಬೆಳೆದ ಹಾಕಿಯಲ್ಲಾದರೆ 737 ಗ್ರಾಂ ಎಂಬ ಗರಿಷ್ಠ ಮಿತಿಯಾದರೂ ಉಂಟು. ಐಸ್ ಹಾಕಿಯಲ್ಲಿ ಮೇಲಕ್ಕೂ ಕೆಳಕ್ಕೂ ಬೇಲಿಯಿಲ್ಲ. ಉದ್ದ, ಆಕಾರ, ಬಾಗು ಎಲ್ಲಕ್ಕೂ ಬೇಲಿ ಬಿದ್ದ ಮೇಲೆ ಕಂಪನಿಗಳಿಗೆ ಓಡಲು ತೆರೆದು ಉಳಿದ ದಾರಿ ಇದೊಂದೇ.

ಆ ದಾರಿ ಎಷ್ಟು ದೂರದಿಂದ ಬಂದಿದೆ ನೋಡಿ. ಕೆನಡಾದ ನೋವಾ ಸ್ಕೋಷಿಯಾದಲ್ಲಿ ಮಿಕ್‌ಮಾಕ್ ಜನ ಒಂದೇ ಮರದ ತುಂಡಿನಿಂದ ಕೋಲು ಕೆತ್ತುತ್ತಿದ್ದರು. ಕೇಪ್ ಬ್ರೆಟನ್ ದ್ವೀಪದಲ್ಲಿ 1830ರ ದಶಕದಲ್ಲಿ ಮೇಪಲ್ ಮರದಿಂದ ಮಾಡಿದ ಮಾಫಟ್ ಸ್ಟಿಕ್ಕನ್ನು ಕೆನಡಾದ ಇತಿಹಾಸ ವಸ್ತುಸಂಗ್ರಹಾಲಯ 2015ರಲ್ಲಿ ಮೂರು ಲಕ್ಷ ಡಾಲರ್ ಕೊಟ್ಟು ಕೊಂಡುಕೊಂಡಿತು. ಆಮೇಲೆ ಬಂದದ್ದು ಆ್ಯಶ್ ಮರ, ಪದರ ಪದರವಾಗಿ ಅಂಟಿಸಿದ ಮರ, ಅದರ ಮೇಲೆ ಫೈಬರ್‌ಗ್ಲಾಸ್ ಹೊದಿಕೆ. 1960ರ ದಶಕದಲ್ಲಿ ಶಿಕಾಗೊ ತಂಡದ ಸ್ಟ್ಯಾನ್ ಮಿಕಿಟಾ ಮತ್ತು ಬಾಬಿ ಹಲ್ ಬ್ಲೇಡನ್ನು ಬಾಗಿಸಿ ಆಡಿ ಆಟದ ಗತಿಯನ್ನೇ ಬದಲಿಸಿದರು. 1980ರ ದಶಕದಲ್ಲಿ ಅಲ್ಯುಮಿನಿಯಂ ದಂಡಕ್ಕೆ ಮರದ ಬ್ಲೇಡ್ ಸಿಕ್ಕಿಸುವ ಪದ್ಧತಿ ಬಂತು. ಲಾಸ್ ಏಂಜಲೀಸ್‌ಗೆ ಬಂದ ಮೇಲೆ ವೇಯ್ನ್ ಗ್ರೆಟ್ಸ್ಕಿ ಹಿಡಿದದ್ದು ಅಂಥದೇ ಈಸ್ಟನ್ ಸ್ಟಿಕ್. 2000ದ ದಶಕದ ಆರಂಭದಲ್ಲಿ ಅದೇ ಈಸ್ಟನ್ ಕಂಪನಿ ದಂಡ, ಬ್ಲೇಡ್ ಎರಡನ್ನೂ ಒಂದಾಗಿ ಬೆಸೆದ ಕಾರ್ಬನ್ ಸ್ಟಿಕ್ ‘ಸಿನರ್ಜಿ’ಯನ್ನು ತಂದಿತು. ಕೆಲವೇ ವರ್ಷಗಳಲ್ಲಿ ಮರದ ಕೋಲು ವೃತ್ತಿಪರ ರಿಂಕ್‌ಗಳಿಂದ ಹೆಚ್ಚುಕಡಿಮೆ ಮಾಯವಾಯಿತು. ಬಾವರ್ ಕಂಪನಿ 2021ರಲ್ಲಿ ಹೊರತಂದ ವೇಪರ್ ಹೈಪರ್‌ಲೈಟ್, ಸಿಸಿಎಂನ ಜೆಟ್‌ಸ್ಪೀಡ್ ಸಾಲು, ಟ್ರೂ ಕಂಪನಿಯ ಕ್ಯಾಟಲಿಸ್ಟ್ ಎಲ್ಲವೂ ಸಿನರ್ಜಿಯ ಸಂತಾನವೇ.

ಈ ಹಗುರತನ ಆಟಗಾರನಿಗೆ ನಿಜವಾಗಿ ಕೊಡುವುದೇನು? ಮಲೆನಾಡಿನ ಅಡಿಕೆ ಬೆಳೆಗಾರರಿಗೆ ಈ ಪ್ರಶ್ನೆಯ ಅರ್ಧ ಉತ್ತರ ಗೊತ್ತಿರುತ್ತದೆ. ಅಡಿಕೆ ಕೊಯ್ಯುವ ಕಾರ್ಬನ್ ಫೈಬರ್ ದೋಟಿ ಹಿಡಿದವರು ಮತ್ತೆ ಅಲ್ಯುಮಿನಿಯಂ ದೋಟಿಯನ್ನು ಮುಟ್ಟಲು ಮನಸ್ಸು ಮಾಡುವುದಿಲ್ಲ. ಏಕೆಂದರೆ ತೋಳಿಗೆ ಆಯಾಸ ತರುವುದು ಒಟ್ಟು ತೂಕಕ್ಕಿಂತ ಹೆಚ್ಚಾಗಿ ತುದಿಯ ತೂಕ. ಐಸ್ ಹಾಕಿಯಲ್ಲೂ ಹಾಗೆಯೇ. ಮೇಲಿನ ಕೈಯನ್ನು ತಿರುಗಣಿ ಎಂದುಕೊಂಡರೆ, ಅಲ್ಲಿಂದ ಒಂದೂವರೆ ಮೀಟರ್ ದೂರದ ಬ್ಲೇಡಿನಲ್ಲಿರುವ ಹತ್ತು ಗ್ರಾಂ, ಅರ್ಧ ಮೀಟರ್ ದೂರದಲ್ಲಿರುವ ಹತ್ತು ಗ್ರಾಂಗಿಂತ ಒಂಬತ್ತು ಪಟ್ಟು ಹೆಚ್ಚು ಜಡತ್ವ ಒಡ್ಡುತ್ತದೆ. ದೂರ ವರ್ಗವಾಗಿ ಗುಣಿಸಿಕೊಳ್ಳುವುದರಿಂದ ಹೀಗೆ. ಆದ್ದರಿಂದ 380 ಗ್ರಾಂನ ಎರಡು ಸ್ಟಿಕ್ಕುಗಳು ಕೈಯಲ್ಲಿ ಎರಡು ಬೇರೆ ವಸ್ತುಗಳಾಗಿರಬಹುದು. ಒಂದರಲ್ಲಿ ಬ್ಲೇಡ್ ಹಗುರಾಗಿದ್ದು ಪಕ್ಕನ್ನು ಎಡಬಲಕ್ಕೆ ಆಡಿಸುವುದು ಸಲೀಸು. ಇನ್ನೊಂದರಲ್ಲಿ ದಂಡದ ಮೇಲ್ತುದಿಯನ್ನು ತೆಳುವಾಗಿಸಿ ಗ್ರಾಂ ಉಳಿಸಿದ್ದರಿಂದ ಬ್ಲೇಡ್ ಭಾರ ಅನ್ನಿಸುತ್ತದೆ. ಕಂಪನಿಗಳು ಅಚ್ಚು ಹಾಕುವುದು ಮೊದಲ ಅಂಕಿಯನ್ನು, ಒಟ್ಟು ತೂಕವನ್ನು. ಕೈಗೆ ಬೇಕಾದದ್ದು ಎರಡನೆಯದು, ತೂಕ ಎಲ್ಲಿ ಕೂತಿದೆ ಎಂಬುದು. ಅದು ಡಬ್ಬಿಯ ಮೇಲೂ ಇಲ್ಲ, ಜಾಹೀರಾತಿನಲ್ಲೂ ಇಲ್ಲ.

ದೋಟಿಗೂ ಸ್ಟಿಕ್ಕಿಗೂ ಹೋಲಿಕೆ ಇಲ್ಲಿಗೆ ಮುಗಿಯುತ್ತದೆ. ದೋಟಿ ಬಾಗಬಾರದು, ಸ್ಟಿಕ್ ಬಾಗಲೇಬೇಕು. ಎಷ್ಟು ಬಾಗಬೇಕೆಂಬುದರ ಅಳತೆಯೇ ಫ್ಲೆಕ್ಸ್: ದಂಡವನ್ನು ಒಂದು ಇಂಚು ಬಾಗಿಸಲು ಎಷ್ಟು ಪೌಂಡ್ ಒತ್ತಡ ಬೇಕೆಂಬ ಅಂಕಿ. 100 ಫ್ಲೆಕ್ಸ್‌ನ ಕೋಲು ಗಡಸು, 70ರದು ಬಳುಕು. ಎಲ್ಲಿ ಬಾಗಬೇಕೆಂಬುದಕ್ಕೆ ಕಿಕ್ ಪಾಯಿಂಟ್. ಹೈಪರ್‌ಲೈಟ್ ಬ್ಲೇಡಿನ ಸಮೀಪವೇ ಬಾಗುವ ಜಾತಿಯದು. ಕೋಲು ಪೂರ್ತಿ ಬಾಗಿ ಏಳುವವರೆಗೆ ಕಾಯದೆ ಕೆಳಭಾಗ ಮಾತ್ರ ಥಟ್ಟನೆ ಚಿಮ್ಮುವುದರಿಂದ ಪಕ್ ಬೇಗ ಬಿಡುಗಡೆಯಾಗುತ್ತದೆ. ಕಾರ್ಬನ್ ನಾರುಗಳನ್ನು ಯಾವ ಕೋನದಲ್ಲಿ, ಎಷ್ಟು ಪದರ, ಎಲ್ಲಿ ದಪ್ಪ ಎಲ್ಲಿ ತೆಳು ಎಂದು ಜೋಡಿಸುವುದರಲ್ಲೇ ಈ ಗುಣ ಅಡಗಿದೆ. ಮರದಲ್ಲಿ ಇಂಥ ಹಿಡಿತ ಸಾಧ್ಯವೇ ಇರಲಿಲ್ಲ. ಒಂದೇ ಕಾರ್ಖಾನೆಯ ಒಂದೇ ಮಾದರಿಯ ಎರಡು ಮರದ ಕೋಲುಗಳು ಒಂದೇ ಥರ ಬಾಗುತ್ತಿರಲಿಲ್ಲ. ನನ್ನ ದೃಷ್ಟಿಯಲ್ಲಿ ಕಾರ್ಬನ್ನಿನ ಅತಿದೊಡ್ಡ ಕೊಡುಗೆ ಈ ಏಕರೂಪತೆ. ತೂಕ ಅದರ ನಂತರದ್ದು.

ಈ ಬೇಗದ ಬಿಡುಗಡೆ ಎಷ್ಟು ಮುಖ್ಯ ಎಂಬುದಕ್ಕೆ ಒಂದು ಸಣ್ಣ ಲೆಕ್ಕ ಸಾಕು. ಆರು ಮೀಟರ್ ದೂರದಿಂದ ಗಂಟೆಗೆ 130 ಕಿ.ಮೀ. ವೇಗದಲ್ಲಿ ಬರುವ ಪಕ್ ಗೋಲ್‌ಕೀಪರ್ ಬಳಿ ತಲುಪಲು ಸುಮಾರು 0.166 ಸೆಕೆಂಡ್. ಅದೇ ವೇಗವನ್ನು 135ಕ್ಕೆ ಏರಿಸಿದರೆ 0.16. ಗಳಿಸಿದ್ದು ಸೆಕೆಂಡಿನ ಸಾವಿರ ಭಾಗಗಳಲ್ಲಿ ಆರು ಭಾಗ ಮಾತ್ರ. ಈ ಅಂತರದಲ್ಲಿ ಗೋಲ್‌ಕೀಪರ್ ಪಕ್ ನೋಡಿ ತಡೆಯುವುದಿಲ್ಲ. ಹೊಡೆಯುವವನ ಭುಜ, ಕೈ, ಬ್ಲೇಡಿನ ಕೋನ ನೋಡಿ ಮುಂಚೆಯೇ ಊಹಿಸುತ್ತಾನೆ. ಹಾಗಾಗಿ ಊಹೆಗೆ ಎಡೆಕೊಡದ ಆಟಗಾರನೇ ಗೆಲ್ಲುತ್ತಾನೆ. ಟೊರಾಂಟೊ ಪರ ಆಡಿ 2023–24ರಲ್ಲಿ 69 ಗೋಲು ಹೊಡೆದ ಆಸ್ಟನ್ ಮ್ಯಾಥ್ಯೂಸ್ ಪಕ್ಕನ್ನು ಬ್ಲೇಡಿನ ತುದಿಯಲ್ಲಿ ಮೈಯತ್ತ ಎಳೆದುಕೊಂಡು, ಕೋನ ಬದಲಿಸಿ, ಅದೇ ಚಲನೆಯಲ್ಲಿ ಹೊಡೆಯುವುದನ್ನು ನಿಧಾನಗತಿಯಲ್ಲಿ ನೋಡಿ. ಎಳೆಯುವುದು ಎಲ್ಲಿ ಮುಗಿಯಿತು, ಹೊಡೆತ ಎಲ್ಲಿ ಶುರುವಾಯಿತು ಎಂದು ಹೇಳಲಾಗುವುದಿಲ್ಲ. ಭಾರದ ಕೋಲಿನಲ್ಲಿ ಈ ಎರಡರ ನಡುವೆ ಒಂದು ಬಿಡುವು ಉಳಿದುಬಿಡುತ್ತಿತ್ತು. ಹಗುರ ಕೋಲು ಆ ಬಿಡುವನ್ನು ನುಂಗಿದೆ.

ಆದರೆ ‘ಹಗುರ ಕೋಲಿನಿಂದ ಹೊಡೆತ ಬಲವಾಗುತ್ತದೆ’ ಎಂಬ ಪ್ರಚಾರ ಪುರಾವೆಯ ಮುಂದೆ ನಿಲ್ಲುವುದಿಲ್ಲ. ಆಲ್ ಮ್ಯಾಕಿನಿಸ್ ಮರದ ಕೋಲು ಹಿಡಿದೇ ಎನ್‌ಎಚ್‌ಎಲ್ ಆಲ್‌ಸ್ಟಾರ್ ಕೂಟದ ಅತಿಬಿರುಸಿನ ಹೊಡೆತದ ಸ್ಪರ್ಧೆಯನ್ನು ಏಳು ಸಲ ಗೆದ್ದರು. 1993ರಲ್ಲಿ, ಅಂದರೆ ಸಿನರ್ಜಿ ಹುಟ್ಟುವುದಕ್ಕೂ ಎಷ್ಟೋ ಮುಂಚೆ, ಆಲ್ ಐಫ್ರೇಟ್ ಹೊಡೆದ ಗಂಟೆಗೆ 105.2 ಮೈಲಿಯ ದಾಖಲೆ ಮುರಿಯಲು 2009ರವರೆಗೆ ಕಾಯಬೇಕಾಯಿತು. ಅದನ್ನು ಮುರಿದ ಜ್ದೆನೋ ಖಾರಾ 2012ರಲ್ಲಿ 108.8 ಮೈಲಿಗೆ, ಅಂದರೆ ಸುಮಾರು 175 ಕಿ.ಮೀ.ಗೆ ಏರಿಸಿದರು ನಿಜ. ಆದರೆ ಅವರು ಆರಡಿ ಒಂಬತ್ತಂಗುಲದ ಮನುಷ್ಯ! ಮಾಂಟ್ರಿಯಲ್‌ನ ಮೆಕ್‌ಗಿಲ್ ವಿಶ್ವವಿದ್ಯಾಲಯದ ಸಂಶೋಧಕರು 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ ಪಕ್ಕಿನ ವೇಗವನ್ನು ಹೆಚ್ಚಾಗಿ ನಿರ್ಧರಿಸಿದ್ದು ಆಟಗಾರನ ಕೌಶಲ ಮತ್ತು ದೇಹಬಲ; ಕೋಲಿನ ಗಡಸುತನದ ಪಾತ್ರ ಅದರ ಮುಂದೆ ಗೌಣವಾಗಿತ್ತು.

ಸ್ಪರ್ಶದ ವಿಷಯ ಸೂಕ್ಷ್ಮ. ಮರ ಕಂಪನವನ್ನು ಹೀರುತ್ತದೆ. ವೇಗವಾಗಿ ಬಂದ ಪಾಸನ್ನು ಬ್ಲೇಡ್ ಮೆತ್ತಗೆ ತಡೆದುಕೊಳ್ಳುತ್ತದೆ. ಮೊದಲ ಪೀಳಿಗೆಯ ಕಾರ್ಬನ್ ಸ್ಟಿಕ್ಕುಗಳಲ್ಲಿ ಪಕ್ ಪುಟಿದು ಹೋಗುತ್ತದೆ, ಬ್ಲೇಡಿನ ಮೇಲೆ ಪಕ್ ಎಲ್ಲಿದೆ ಎಂದು ಕೈಗೆ ತಿಳಿಯುವುದಿಲ್ಲ ಎಂಬ ದೂರು ಸಾಮಾನ್ಯವಾಗಿತ್ತು. ಒಳಗಿನ ಫೋಮ್ ಸುಧಾರಿಸಿದಂತೆ ಈ ದೋಷ ಬಹುಮಟ್ಟಿಗೆ ತಗ್ಗಿದೆ. ಈ ಸುಧಾರಣೆಗೆ ಜಾಹೀರಾತಿನಲ್ಲಿ ಸಿಗಬೇಕಾದಷ್ಟು ಜಾಗ ಸಿಕ್ಕಿಲ್ಲ, ಪಾಪ.

ನನ್ನ ನಿಜವಾದ ತಕರಾರು ಬಾಳಿಕೆಯದು. ಮರ ಮುರಿಯುವ ಮುಂಚೆ ಹೇಳುತ್ತದೆ: ಸೀಳು ಬಿಡುತ್ತದೆ, ಬ್ಲೇಡಿನ ತುದಿ ನಾರುನಾರಾಗುತ್ತದೆ, ಹೊಡೆತ ಮೆತ್ತಗಾಗುತ್ತದೆ. ಕಾರ್ಬನ್ ಹೇಳುವುದಿಲ್ಲ. ಎದುರಾಳಿಯ ಕೋಲಿನ ಏಟೊಂದು ದಂಡದ ಅಂಚಿಗೆ ಬಿದ್ದು ಉಗುರಿನಷ್ಟು ಚಕ್ಕೆ ಎದ್ದಿರುತ್ತದೆ. ಅದರಡಿ ನಾರಿನ ಪದರ ಬಿಟ್ಟುಕೊಂಡಿದ್ದರೂ ಕಣ್ಣಿಗೆ ಕಾಣದು. ಮುಂದಿನ ವಾರ ಗೋಲಿನ ಮುಂದೆ ಸಿಕ್ಕ ಒಳ್ಳೆಯ ಅವಕಾಶದಲ್ಲಿ ದಂಡ ಎರಡಾಗಿ, ಪಕ್ ಅಲ್ಲೇ ಉಳಿಯುತ್ತದೆ. ಮುರಿದ ಕೋಲನ್ನು ತಕ್ಷಣ ಕೆಳಗೆ ಹಾಕದಿದ್ದರೆ ಎರಡು ನಿಮಿಷ ಹೊರಗೆ ಕೂರುವ ಶಿಕ್ಷೆ ಬೇರೆ. ದಂಡ, ಬ್ಲೇಡ್ ಬೇರೆಬೇರೆ ಇದ್ದ ಕಾಲದಲ್ಲಿ ಬ್ಲೇಡ್ ಹಾಳಾದರೆ ಅಂಟನ್ನು ಬಿಸಿಮಾಡಿ ತೆಗೆದು ಹೊಸದು ಹಾಕಿಕೊಳ್ಳಬಹುದಿತ್ತು. ಈಗ ಬ್ಲೇಡಿನ ಫೋಮ್ ಸಡಿಲಾದರೂ ಸುಸ್ಥಿತಿಯ ದಂಡವೂ ಸೇರಿ ಇಡೀ ಕೋಲು ಕಸ. ನಾರುಗಳನ್ನು ಹಿಡಿದಿಟ್ಟ, ಗಟ್ಟಿಯಾದ ಎಪಾಕ್ಸಿ ಅಂಟನ್ನು ಮತ್ತೆ ಕರಗಿಸಲಾಗದ ಕಾರಣ ಆ ಕಸಕ್ಕೆ ಮರುಬಳಕೆಯ ಹಾದಿಯೂ ಕಿರಿದು. ಬೆಲೆ ಅಮೆರಿಕದಲ್ಲಿ 300 ಡಾಲರ್ ದಾಟುತ್ತದೆ, ವಾರಂಟಿ ಸಾಮಾನ್ಯವಾಗಿ 30 ದಿನ. ವೃತ್ತಿಪರ ತಂಡಕ್ಕೆ ಇದು ಬಾಧಿಸುವುದಿಲ್ಲ. ಅವರ ಬೆಂಚಿನ ಹಿಂದೆ ಕೋಲುಗಳ ಸಾಲೇ ನಿಂತಿರುತ್ತದೆ. ಅಲ್ಲಿನ ಆಟಗಾರನಿಗಾಗಿ ತಿದ್ದಿತೀಡಿದ ವಸ್ತುವನ್ನೇ ಹನ್ನೆರಡು ವರ್ಷದ ಹುಡುಗಿಯ ಅಪ್ಪನಿಗೂ ಮಾರುವುದು ನನಗೆ ಒಪ್ಪಿಗೆಯಾಗುವುದಿಲ್ಲ.

ಟೊರಾಂಟೊ, ಕ್ಯಾಲ್ಗರಿಗಳಲ್ಲಿ ನೆಲೆಸಿ ಮಕ್ಕಳನ್ನು ಚಳಿಗಾಲದ ಬೆಳಗ್ಗೆ ರಿಂಕ್‌ಗೆ ಕರೆದೊಯ್ಯುವ ಕನ್ನಡಿಗ ಅಪ್ಪಅಮ್ಮಂದಿರಿಗೂ ಈ ಮಾತು ಅನ್ವಯಿಸುತ್ತದೆ. ಮಗುವಿಗೆ ಗ್ರಾಂಗಿಂತ ಮೊದಲು ನೋಡಬೇಕಾದ್ದು ಫ್ಲೆಕ್ಸ್. ದೇಹತೂಕ ಪೌಂಡಿನಲ್ಲಿ ಎಷ್ಟೋ ಅದರ ಅರ್ಧದಷ್ಟು ಫ್ಲೆಕ್ಸ್ ಎಂಬುದು ರಿಂಕ್‌ಗಳಲ್ಲಿ ಚಾಲ್ತಿಯಲ್ಲಿರುವ ಸೂತ್ರ: 36 ಕಿಲೋ ಮಗು ಸುಮಾರು 80 ಪೌಂಡ್, ಅಂದರೆ 40 ಫ್ಲೆಕ್ಸ್. ಮಗು ಬೆಳೆಯುತ್ತದೆಂದು ಉದ್ದದ ಕೋಲು ತಂದು ಮೇಲಿನಿಂದ ಮೂರ್ನಾಲ್ಕು ಅಂಗುಲ ಕತ್ತರಿಸುವವರು ಬಹಳ. ಕತ್ತರಿಸಿದಷ್ಟೂ ದಂಡ ಗಡಸಾಗುತ್ತದೆ. ಆಗ ಮಗು ಎಷ್ಟು ಒರಗಿದರೂ ಬಾಗದ ಕೋಲು ಕೈಯಲ್ಲಿ ಉಳಿಯುತ್ತದೆ. ಅದು ಎಷ್ಟು ಹಗುರಿದ್ದರೇನು, ಅದರ ಚಿಮ್ಮುವ ಗುಣವೇ ಸತ್ತಿರುತ್ತದೆ.

ಲಡಾಖಿನಲ್ಲಿ ಬಾಳಿಕೆಯ ಪ್ರಶ್ನೆ ಇನ್ನೂ ಹತ್ತಿರದ್ದು. ಲೇಹ್‌ನ ಕರ್ಜೂ ಕೊಳ ಹೆಪ್ಪುಗಟ್ಟಿದಾಗ ಆಡುತ್ತಾ ಬೆಳೆದ ಆ ನಾಡಿನ ಹುಡುಗಿಯರೇ ಹೆಚ್ಚಾಗಿರುವ ಭಾರತದ ಮಹಿಳಾ ಐಸ್ ಹಾಕಿ ತಂಡ 2025ರ ಏಷ್ಯಾ ಕಪ್‌ನಲ್ಲಿ ಕಂಚು ಗೆದ್ದಿತು. ಅಲ್ಲಿನ ಆಟಗಾರರ ಸಲಕರಣೆಯ ದೊಡ್ಡ ಪಾಲು ವರ್ಷಗಳ ಕಾಲ ಬಂದದ್ದು ಹೊರದೇಶದವರ ದಾನದಿಂದ. ಅಂಥ ಕಡೆ ಕೋಲು ಮುರಿದರೆ ಹೊಸದು ಬರುವಷ್ಟರಲ್ಲಿ ಮಂಜಿನ ಋತುವೇ ಮುಗಿದಿರಬಹುದು. ಅವರಿಗೆ ಐವತ್ತು ಗ್ರಾಂ ಹೆಚ್ಚಿದ್ದರೂ ಬ್ಲೇಡ್ ಬದಲಿಸಬಹುದಾದ, ಏಟು ತಿಂದು ಉಳಿಯುವ ಕೋಲು ಬೇಕು. ಅದನ್ನು ಮಾಡುವ ವಿದ್ಯೆ ಎಲ್ಲ ಕಂಪನಿಗಳ ಕೈಯಲ್ಲೂ ಇದೆ. ದಂಡದ ನಾಲ್ಕು ಮೂಲೆಗಳಿಗೆ ಇನ್ನೆರಡು ಪದರ ಸುತ್ತಿ, ಬ್ಲೇಡ್ ಕೂಡುವಲ್ಲಿ ಹಳೆಯ ಜೋಡಣೆ ಉಳಿಸಿಕೊಂಡರೆ ಸಾಕು. ಅದರಿಂದ ತಗಲುವ ಗ್ರಾಂಗಳು ದಂಡಕ್ಕೆ ಹರಡಿ, ಬ್ಲೇಡ್ ಹಗುರವಾಗಿಯೇ ಉಳಿದರೆ ಕೈಗೆ ಅದರ ಭಾರವೂ ಅಷ್ಟಾಗಿ ತಿಳಿಯದು.

ನಾಳೆ ನನ್ನ ಮನೆಯ ಮಗುವಿಗೆ ಕೋಲು ಕೊಳ್ಳುವುದಾದರೆ ಅಂಗಡಿಯಲ್ಲಿ ಮೇಲ್ದರ್ಜೆಯ ಕೋಲುಗಳ ಗೋಡೆಯತ್ತ ಹೋಗದೆ ಎರಡನೇ ದರ್ಜೆಯ ಸಾಲಿನಲ್ಲಿ ನಿಲ್ಲುತ್ತೇನೆ. ಒಂದು ಬೆರಳ ಮೇಲೆ ಕೋಲನ್ನು ಅಡ್ಡಲಾಗಿ ತೂಗಿ, ಸಮತೋಲ ಬ್ಲೇಡಿನಿಂದ ಎಷ್ಟು ಮೇಲಿದೆ ಎಂದು ನೋಡುತ್ತೇನೆ. ನೆಲಕ್ಕೂರಿ ಮಗುವಿನ ಕೈಯಲ್ಲೇ ಒತ್ತಿಸಿ ಬಾಗುತ್ತದೆಯೇ ಎಂದು ಪರೀಕ್ಷಿಸುತ್ತೇನೆ. ಉಳಿದ ನೂರೈವತ್ತು ಡಾಲರ್‌ನಲ್ಲಿ ಸ್ಕೇಟಿಗೆ ಸಾಣೆ ಹಿಡಿಸಿ, ರಿಂಕ್‌ನಲ್ಲಿ ಇನ್ನಷ್ಟು ಗಂಟೆ ಆಡಲು ಬಿಡುತ್ತೇನೆ.