ಮಗುವಿನ ಅಂಕ, ಅಮ್ಮನ ಅಂಕ

ಕ್ಯಾನ್ಸರ್‌ನಿಂದ ಗುಣವಾದ ಮಕ್ಕಳ ಬದುಕು ಹೇಗಿದೆ ಎಂದು ಅಳೆಯಲು ಹೊರಟವರು ಬಹಳ ಸಲ ಕೈಗೆತ್ತಿಕೊಳ್ಳುವುದು ‘ಪೆಡ್ಸ್‌ಕ್ಯೂಎಲ್’ ಪ್ರಶ್ನಾವಳಿಯನ್ನು. ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ವಾರ್ನಿ ರೂಪಿಸಿದ ಇದರ 4.0 ಆವೃತ್ತಿಯಲ್ಲಿ ದೇಹ, ಭಾವನೆ, ಒಡನಾಟ, ಶಾಲೆ ಎಂದು 23 ಪ್ರಶ್ನೆಗಳಿವೆ. ಕಳೆದ ಒಂದು ತಿಂಗಳಲ್ಲಿ ಯಾವುದು ಎಷ್ಟು ಸಲ ಕಾಡಿತು ಎಂಬುದನ್ನು ನೂರಕ್ಕೆ ಹೊಂದಿಸುತ್ತಾರೆ. ಏನೂ ಕಾಡದಿದ್ದರೆ ನೂರಕ್ಕೆ ನೂರು. ಖುಷಿ ಕೊಟ್ಟದ್ದೇನು ಎಂದು ಮಾತ್ರ ಯಾರೂ ಕೇಳುವುದಿಲ್ಲ.

ಮಗುವನ್ನೇ ಕೇಳುವುದು ಇದರ ಹೆಚ್ಚುಗಾರಿಕೆ. ಐದು ವರ್ಷದ ಮಗುವಿನ ಮುಂದೆಯೂ ಮೂರು ಮುಖಗಳ ಚಿತ್ರವಿಟ್ಟು ಬೆರಳು ತೋರಿಸಲು ಹೇಳುತ್ತಾರೆ. ತಂದೆತಾಯಿಗೆ ಬೇರೆಯೇ ಹಾಳೆ. ಓಟ, ಮೈಕೈ ನೋವಿನಂಥ ಕಣ್ಣಿಗೆ ಕಾಣುವ ಸಂಗತಿಗಳಲ್ಲಿ ಎರಡು ಹಾಳೆಗಳೂ ಹೆಚ್ಚುಕಡಿಮೆ ಕೂಡಿಬರುತ್ತವೆ. ಭಯ, ದುಃಖದ ಸಾಲಿಗೆ ಬಂದಾಗ ಬೇರಾಗುತ್ತವೆ. ಕಾಯಿಲೆ ಕಂಡ ಮಕ್ಕಳ ಪೋಷಕರು ಸಾಮಾನ್ಯವಾಗಿ ಮಕ್ಕಳಿಗಿಂತ ಕಡಿಮೆ ಅಂಕ ಕೊಡುತ್ತಾರೆ. ಯಾರದ್ದು ಸರಿ ಎಂದು ತೀರ್ಪು ಕೊಡಲು ಹೋಗುವುದು ವ್ಯರ್ಥ. ಮಗು ತನ್ನನ್ನು ವಾರ್ಡಿನ ದಿನಗಳಿಗೆ ಹೋಲಿಸಿಕೊಳ್ಳುತ್ತಿರಬಹುದು, ಅಮ್ಮ ಪಕ್ಕದ ಮನೆಯ ಮಗುವಿಗೆ. ಆ ಅಂತರವೇ ವೈದ್ಯರು ಓದಬೇಕಾದದ್ದು.

ಶಾಲೆಯ ಭಾಗದ ಬಗ್ಗೆ ನನ್ನ ತಕರಾರಿದೆ. ಅಲ್ಲಿರುವ ಐದು ಪ್ರಶ್ನೆಗಳಲ್ಲಿ ಒಂದು, ಆಸ್ಪತ್ರೆಗೆ ಹೋಗಲು ಶಾಲೆ ತಪ್ಪಿಸಿದ್ದರ ಬಗ್ಗೆ. ರಾಯಚೂರಿನ ಹುಡುಗಿ ತಪಾಸಣೆಗೆಂದು ರಾತ್ರಿ ರೈಲು ಹತ್ತಿ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಬಂದು ಹೋಗುವಷ್ಟರಲ್ಲಿ ಎರಡು ಮೂರು ದಿನ ಪಾಠ ತಪ್ಪುತ್ತದೆ. ಬೆಂಗಳೂರಿನವಳಿಗೆ ಅರ್ಧ ದಿನ. ಈ ಒಂದೇ ಪ್ರಶ್ನೆಗೆ ‘ಬಹುತೇಕ ಯಾವಾಗಲೂ’ ಎಂದರೂ ಶಾಲೆಯ ಅಂಕದಲ್ಲಿ 20 ಹೋಯಿತು. ಹಾಗೆ ಹೋದದ್ದರಲ್ಲಿ ಕಾಯಿಲೆಯ ಪಾಲೆಷ್ಟು, ರೈಲಿನ ಪಾಲೆಷ್ಟು?

ಇನ್ನು ‘ಮುಂದೇನಾಗುತ್ತೋ’ ಎಂಬ ಚಿಂತೆಗೆ ಇರುವುದು ಒಂದೇ ಸಾಲು. ಕ್ಯಾನ್ಸರ್‌ಗೆಂದೇ ಮಾಡಿದ ಪ್ರತ್ಯೇಕ ಹಾಳೆ ಕಾಯಿಲೆ ಮರುಕಳಿಸುವ ಭಯವನ್ನೇನೋ ಕೇಳುತ್ತದೆ, ಆದರೆ ಅದರ ಗಮನ ಹೆಚ್ಚಾಗಿ ಸೂಜಿ, ವಾಕರಿಕೆ, ಚಿಕಿತ್ಸೆಯ ಮೇಲೆಯೇ. ಡಾಕ್ಸೊರುಬಿಸಿನ್‌ನಂಥ ಕ್ಯಾನ್ಸರ್ ಔಷಧ ಹೃದಯಕ್ಕೆ ಮಾಡುವ ಹಾನಿ ವರ್ಷಗಳ ಮೇಲೆ ತಲೆದೋರಬಹುದು. ಹದಿನೇಳರ ಹುಡುಗಿಗೆ ಆ ಚಿಂತೆಯಿರಬಹುದು, ಸಂಬಂಧ ನೋಡಲು ಬಂದವರಿಗೆ ಹೇಳಬೇಕೋ ಬೇಡವೋ ಎಂಬುದಿರಬಹುದು, ಚಿಕಿತ್ಸೆಗೆ ಅಪ್ಪ ಮಾಡಿದ ಸಾಲದ್ದೂ ಇರಬಹುದು. ಅವಳು ‘ಕೆಲವೊಮ್ಮೆ’ ಎಂದು ಗುರುತು ಹಾಕುತ್ತಾಳೆ. ಅಂಕ 50. ಯಾವುದರ ಚಿಂತೆ ಎಂದು ಬರೆಯಲು ಆ ಸಾಲಿನ ಪಕ್ಕ ಜಾಗವಿಲ್ಲ.