ಕಿರಿಕಿರಿಯೂ ಅಪರಾಧವೇ?

ಕಾನೂನನ್ನು ವಕೀಲರೇ ಓದಬೇಕೆಂದಿಲ್ಲ, ಭಾಷೆ ಕಲಿಸುವ ನಮ್ಮಂಥವರೂ ಓದಬಹುದು. ಮಾಹಿತಿ ತಂತ್ರಜ್ಞಾನ ಕಾಯ್ದೆಗೆ 2008ರ ತಿದ್ದುಪಡಿಯಲ್ಲಿ ಸೇರಿದ 66ಎ ಕಲಮಿನಲ್ಲಿ ನನಗೆ ಕಂಡ ದೋಷ ಪದಗಳದ್ದೇ. ಕಂಪ್ಯೂಟರ್ ಅಥವಾ ಮೊಬೈಲಿನಿಂದ ತೀರಾ ಆಕ್ಷೇಪಾರ್ಹವಾದದ್ದನ್ನು ಕಳಿಸಿದರೆ ಮೂರು ವರ್ಷದವರೆಗೆ ಸೆರೆವಾಸ. ಸುಳ್ಳೆಂದು ತಿಳಿದೂ ಪದೇಪದೇ ಕಳಿಸುವವರ ದುರುದ್ದೇಶಗಳ ಪಟ್ಟಿಯಲ್ಲಿ ಅಪಾಯ, ಬೆದರಿಕೆ, ದ್ವೇಷಗಳ ಜೊತೆಗೆ ಕಿರಿಕಿರಿ, ಅನನುಕೂಲಗಳೂ ಇದ್ದವು. ಯಾರಿಗೆ ಕಿರಿಕಿರಿ? ಎಷ್ಟು? ಅದನ್ನು ಹೇಳದೆ ಬಿಟ್ಟರೆ ಬಲವುಳ್ಳವರು ತಮಗೆ ಬೇಕಾದ ಅರ್ಥ ಹಚ್ಚಿಕೊಳ್ಳುತ್ತಾರೆ.

2012ರ ನವೆಂಬರಿನಲ್ಲಿ ಆದದ್ದೂ ಅದೇ. ಬಾಳ ಠಾಕ್ರೆಯವರು ತೀರಿಕೊಂಡಾಗ ಮುಂಬಯಿ ಸ್ತಬ್ಧವಾಯಿತು. ಹತ್ತಿರದ ಪಾಲ್ಘರ್‌ನ ಯುವತಿಯೊಬ್ಬಳು ಫೇಸ್‌ಬುಕ್ಕಿನಲ್ಲಿ ಆ ಬಂದನ್ನು ಪ್ರಶ್ನಿಸಿದಳು. ಗೆಳತಿ ಅದಕ್ಕೆ ಲೈಕ್ ಒತ್ತಿದಳು. ಪೊಲೀಸರು ಇಬ್ಬರನ್ನೂ ಬಂಧಿಸಿದರು. ಬಂಧುವೊಬ್ಬರ ಆಸ್ಪತ್ರೆಯನ್ನು ಗುಂಪೊಂದು ಧ್ವಂಸಮಾಡಿತು. ದ್ವೇಷವಿದ್ದದ್ದು ಹುಡುಗಿಯ ಮಾತಿನಲ್ಲೋ, ಆ ಗುಂಪಿನಲ್ಲೋ?

2015ರ ಮಾರ್ಚ್ 24ರಂದು ಶ್ರೇಯಾ ಸಿಂಘಾಲ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಈ ಕಲಮನ್ನೇ ರದ್ದುಮಾಡಿತು. ಚರ್ಚೆ, ಪ್ರತಿಪಾದನೆ, ಪ್ರಚೋದನೆ ಎಂದು ಮಾತನ್ನು ವಿಂಗಡಿಸಿದ್ದು ಆ ತೀರ್ಪಿನ ಸತ್ವ. ಮೊದಲೆರಡು ಎಷ್ಟೇ ಅಪ್ರಿಯವಾಗಿರಲಿ, ಅವು ನಮ್ಮ ಹಕ್ಕು. ಮಾತು ಪ್ರಚೋದನೆಯ ಮಟ್ಟ ಮುಟ್ಟಿದಾಗ ಮಾತ್ರ ಕಾನೂನು ತಡೆಯಬಹುದು. ನೆಗಡಿ ಬಂತೆಂದು ಮೂಗನ್ನೇ ಕೊಯ್ದುಕೊಳ್ಳುವುದನ್ನು ನ್ಯಾಯಾಲಯ ತಪ್ಪಿಸಿತು.

ಹಾಗಾದರೆ ಹೆಂಗಸರ ಮೇಲೆ ಸುರಿಯುವ ಹೊಲಸಿಗೆ ತಡೆಯೇನು ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಅಭಿಪ್ರಾಯ ಹೇಳಿದ ಹೆಣ್ಣಿಗೆ ಮಾನಭಂಗದ ಬೆದರಿಕೆ ಬಂದರೆ ಅದು ಮತ್ತೊಂದು ಅಭಿಪ್ರಾಯವಲ್ಲ. ಹೆದರಿ ಅವಳು ಬರೆಯುವುದನ್ನೇ ಬಿಟ್ಟರೆ ಅಲ್ಲಿಯೂ ವಾಕ್‌ಸ್ವಾತಂತ್ರ್ಯ ಹೋಯಿತು. ಕಸಿದುಕೊಂಡವರು ಮಾತ್ರ ಬೇರೆ. ಇದಕ್ಕೆ 66ಎ ಬೇಕಿಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 351ನೇ ಕಲಮು ಬೆದರಿಕೆಯನ್ನು ಅಪರಾಧವೆನ್ನುತ್ತದೆ. ಹೆಸರು ಮರೆಸಿ ಬೆದರಿಸಿದವನಿಗೆ ಹೆಚ್ಚುವರಿಯಾಗಿ ಎರಡು ವರ್ಷದವರೆಗೆ ಸೆರೆ. ಹಳೆಯ ದಂಡ ಸಂಹಿತೆಯಲ್ಲೂ ಇಂಥದೇ ಕಲಮಿತ್ತು. ಅದನ್ನು ನಂಬಿ ಠಾಣೆಯ ಮೆಟ್ಟಿಲು ಹತ್ತಲು ನಮಗೆ ಧೈರ್ಯ ಬರಬೇಕು. ಅಲ್ಲಿರುವವರು "ಫೋನ್ ಬಂದ್ ಮಾಡಿಕೊಳ್ಳಮ್ಮ" ಎಂದು ನಮ್ಮನ್ನು ಸಾಗಹಾಕಬಾರದು.

ರದ್ದಾದ 66ಎ ಅಡಿ ಮೊಕದ್ದಮೆ ನಡೆಸಕೂಡದೆಂದು ಸುಪ್ರೀಂ ಕೋರ್ಟು 2022ರ ಅಕ್ಟೋಬರಿನಲ್ಲಿ ಮತ್ತೆ ಹೇಳಬೇಕಾಯಿತು. ಇಲ್ಲದ ಕಲಮನ್ನು ಏಳು ವರ್ಷ ಮರೆಯದ ವ್ಯವಸ್ಥೆ, ಹೆಣ್ಣಿನ ದೂರು ಬಂದಾಗ ಇರುವ ಕಲಮನ್ನೂ ನೆನಪಿಟ್ಟುಕೊಳ್ಳಲಿ. ದ್ವೇಷ ತಡೆಯಲೆಂದು ಯಾವ ಸರ್ಕಾರ ಹೊಸ ಮಸೂದೆ ತಂದರೂ ನಾವು ಅದರ ಪದಗಳನ್ನು ಒಂದೊಂದಾಗಿ ಓದೋಣ. 'ಕಿರಿಕಿರಿ' ಮತ್ತೆ ನುಸುಳಿದ್ದರೆ ಅದು ನಮ್ಮ ರಕ್ಷಣೆಗೆ ಬಂದ ಕಾನೂನಲ್ಲ.