‘ಒಂದ ರೂಪಾಯಿ’ಯ ವ್ಯಾಕರಣ

“ಕಿಲೋಮೀಟರಿಗೆ ಒಂದ ರೂಪಾಯಿ ಬೀಳತೈತ್ರಿ ಸರ.”

ಬ್ಯಾಟರಿ ಕಾರಿನ ಬಗ್ಗೆ ನಮ್ಮ ಜಿಲ್ಲೆಯಲ್ಲಿ ಹುಟ್ಟಿಕೊಂಡಿರುವ ಸಾಹಿತ್ಯವನ್ನೆಲ್ಲ ಹಿಂಡಿದರೆ ಉಳಿಯುವುದು ಈ ವಾಕ್ಯ. ಶೋರೂಮಿನ ಹುಡುಗ ಇದನ್ನೇ ಹೇಳುತ್ತಾನೆ. ಬೀಗರ ಮನೆಯ ಮದುವೆಯಲ್ಲಿ ಪಂಕ್ತಿಯೊಳಗೆ ಪಕ್ಕಕ್ಕೆ ಕೂತವರೂ ಇದನ್ನೇ ಹೇಳುತ್ತಾರೆ. ಎರಡು ವರ್ಷದ ಹಿಂದೆ ನಾನೂ ಇದನ್ನು ನಂಬಿ ಬಾಗಲಕೋಟೆಯ ನವನಗರದ ಮನೆಯ ಮುಂದೆ ಒಂದು ಬಿಳಿ ಕಾರು ತಂದು ನಿಲ್ಲಿಸಿದೆ. ಕಾರಿನ ಮೇಲೆ ನನಗೆ ದೊಡ್ಡ ತಕರಾರಿಲ್ಲ. ತಕರಾರು ಇರುವುದು ವಾಕ್ಯದ ಮೇಲೆ.

ಲಿಥಿಯಂ ಎಂದರೇನು, ಮೋಟರು ಎಂಜಿನ್ನಿಗಿಂತ ಯಾಕೆ ಮೇಲು, ಗೇರಿಲ್ಲದ ಕಾರು ಓಡಿಸುವ ಸುಖ ಎಂಥದು, ಇವನ್ನೆಲ್ಲ ಓದುಗರು ಸಾಕೆನಿಸುವಷ್ಟು ಕೇಳಿದ್ದಾರೆ. ರೇವಾದ ಕತೆಯೂ ಗೊತ್ತಿರುವಂಥದೇ: 2001ರಲ್ಲಿ ಬೆಂಗಳೂರಿನಿಂದಲೇ ಮಾರುಕಟ್ಟೆಗೆ ಬಂದು, ಲಂಡನ್ನಿನಲ್ಲಿ ಜಿ-ವಿಜ್ ಎಂಬ ಹೆಸರಿನಲ್ಲಿ ಓಡಿ, 2010ರಲ್ಲಿ ಮಹೀಂದ್ರಾದವರ ಕೈಸೇರಿದ ಪುಟ್ಟ ಕಾರು. ಅದನ್ನು ಆಟಿಕೆ ಎಂದು ನಕ್ಕವರೇ ಹೆಚ್ಚು. ಆದರೆ ಸೀಸದ ಬ್ಯಾಟರಿ, ಎಂಬತ್ತು ಕಿಲೋಮೀಟರು, ಊರೊಳಗಿನ ತಿರುಗಾಟ, ತಾನು ಇಷ್ಟೇ ಎಂದು ಅದು ಒಪ್ಪಿಕೊಂಡಿತ್ತು. ಈಗಿನ ಕಾರುಗಳು ರೇವಾಕ್ಕಿಂತ ಎಷ್ಟೋ ಪಟ್ಟು ಚಲೋ. ಅವುಗಳ ಪರವಾಗಿ ಆಡುವ ಮಾತಿನಲ್ಲಿ ಮಾತ್ರ ಆ ಸಂಕೋಚ ಉಳಿದಿಲ್ಲ.

ಈಗ ವಾಕ್ಯಕ್ಕೆ ಬರುತ್ತೇನೆ. ಮೊದಲು ‘ಒಂದ’. ಮೈಸೂರು ಕಡೆಯವರು ‘ಒಂದೇ’ ಎಂದು ಏಕಾರ ಹಚ್ಚುವಲ್ಲಿ ನಾವು ಅಕಾರದಲ್ಲೇ ಕೆಲಸ ಮುಗಿಸುತ್ತೇವೆ. ‘ಒಂದು’ ಬರೀ ಎಣಿಕೆ. ‘ಒಂದ’ ಎಂದರೆ ಅವಧಾರಣೆ, ಇದರ ಮೇಲೆ ನಯಾಪೈಸೆ ಇಲ್ಲ ಎಂಬ ಹಟ. ಆಮೇಲೆ ‘ಬೀಳತೈತಿ’. ದರ ನಮ್ಮಲ್ಲಿ ಮಳೆಯ ಹಾಗೆ ತಾನಾಗಿ ಬೀಳುತ್ತದೆ, ಬೀಳಿಸುವ ಕರ್ತೃ ಬೇಕಿಲ್ಲ. ಎಲ್ಲಿ ಬೀಳುತ್ತದೆ, ಯಾರ ಮೇಲೆ ಬೀಳುತ್ತದೆ ಎಂಬುದಕ್ಕೆ ವಾಕ್ಯದಲ್ಲಿ ಜಾಗವೇ ಇಲ್ಲ. ಕನ್ನಡದಲ್ಲಿ ಕರ್ತೃಪದ ನುಂಗಿಹೋಗುವುದು ಹೊಸದೇನಲ್ಲ, ಆಡುಮಾತಿನ ಚಂದವೇ ಅದು. ಆದರೆ ಹನ್ನೆರಡು–ಹದಿನೈದು ಲಕ್ಷದ ವ್ಯವಹಾರದಲ್ಲಿ ನುಂಗಿದ ಪದವನ್ನು ಹೊರಗೆ ತೆಗೆದು ನೋಡಬೇಕಾಗುತ್ತದೆ.

ನೋಡೋಣ. ನನ್ನ ಕಾರಿನ ಪರದೆ ಯುನಿಟ್ಟಿಗೆ ಏಳು ಕಿಲೋಮೀಟರು ತೋರಿಸುತ್ತದೆ. ಅದು ಬ್ಯಾಟರಿಯಿಂದ ಹೊರಟ ವಿದ್ಯುತ್ತಿನ ಲೆಕ್ಕ. ಗೋಡೆಯ ಮೀಟರಿನಿಂದ ಬ್ಯಾಟರಿಗೆ ಹೋಗುವಾಗ ದಾರಿಯಲ್ಲೇ ಹತ್ತರಲ್ಲಿ ಒಂದು ಪಾಲು ಬಿಸಿಯಾಗಿ ಸೋರಿಹೋಗುತ್ತದೆ, ಹಾಗಾಗಿ ಮೀಟರಿನ ಲೆಕ್ಕದಲ್ಲಿ ಆರು ಚಿಲ್ಲರೆ. ಮನೆಬಳಕೆಯ ಯುನಿಟ್ಟು ಆರು ರೂಪಾಯಿಯ ಆಸುಪಾಸು. ಆರನ್ನು ಆರರಿಂದ ಭಾಗಿಸಿದರೆ ಒಂದು. ಹುಡುಗ ಸುಳ್ಳು ಹೇಳಿಲ್ಲ.

ಇಲ್ಲಿಗೆ ನಿಲ್ಲಿಸಿದರೆ ಲೆಕ್ಕ ಚಂದ. ಆದರೆ 2023ರ ಜುಲೈ ತಿಂಗಳ ಬಳಕೆಯಿಂದ ಈ ರಾಜ್ಯದಲ್ಲಿ ಗೃಹಜ್ಯೋತಿ ಇದೆ. 2022–23ರ ಸರಾಸರಿಯ ಮೇಲೆ ಶೇ. 10 ಸೇರಿಸಿ, ಅಷ್ಟರೊಳಗಿದ್ದರೆ ಬಿಲ್ಲು ಸೊನ್ನೆ; ಅದನ್ನು ದಾಟಿ 200ರ ಒಳಗಿದ್ದರೆ ಹೆಚ್ಚುವರಿಗಷ್ಟೇ ದುಡ್ಡು; 200 ದಾಟಿದರೆ ಇಡೀ ಬಿಲ್ಲು ನಮ್ಮದೇ. ತಿಂಗಳಿಗೆ 110 ಯುನಿಟ್ಟಿನ ಒಂದು ಮನೆ ಇಟ್ಟುಕೊಳ್ಳಿ. ಫ್ರಿಜ್ಜು, ನಾಲ್ಕು ಫ್ಯಾನು, ನೀರೆತ್ತುವ ಮೋಟರು, ಬಿಲ್ಲು ಸೊನ್ನೆ. ಆ ಮನೆಗೆ ತಿಂಗಳಿಗೆ ಸಾವಿರ ಕಿಲೋಮೀಟರು ಓಡುವ ಕಾರು ಬಂತು ಎಂದರೆ ಮೀಟರಿನಲ್ಲಿ ಇನ್ನೂ 160 ಯುನಿಟ್ಟು. ಒಟ್ಟು 270. ಈಗ ಫ್ರಿಜ್ಜಿಗೂ ಫ್ಯಾನಿಗೂ ಬಿಲ್ಲು ಬಂತು. ನಿಗದಿತ ಶುಲ್ಕ, ತೆರಿಗೆ ಸೇರಿ ಎರಡು ಸಾವಿರ ದಾಟುತ್ತದೆ. ಕಾರಿಲ್ಲದಿದ್ದರೆ ಕೊಡಬೇಕಾಗಿದ್ದುದು ಸೊನ್ನೆ, ಇದ್ದುದಕ್ಕೆ ಎರಡು ಸಾವಿರ; ಅಂದ ಮೇಲೆ ಕಿಲೋಮೀಟರಿಗೆ ಬಿದ್ದದ್ದು ಎರಡು ರೂಪಾಯಿ. ‘ಒಂದ’ ಎಂಬ ಹಟದ ಮಾತು ಮೊದಲ ತಿಂಗಳ ಬಿಲ್ಲಿನಲ್ಲೇ ದ್ವಿಗುಣವಾಯಿತು. ಎರಡು ರೂಪಾಯಿಯೂ ಪೆಟ್ರೋಲಿನ ಆರು ರೂಪಾಯಿಯ ಮುಂದೆ ಅಗ್ಗವೇ, ಒಪ್ಪಿದೆ. ಆದರೆ ಈ ಲೆಕ್ಕವನ್ನು ಯಾವ ಶೋರೂಮಿನಲ್ಲೂ, ಯಾವ ವಿಡಿಯೋದಲ್ಲೂ ನಾನು ಕೇಳಿಲ್ಲ. ಗೃಹಜ್ಯೋತಿಯನ್ನು ಹೊಗಳುವವರು ಬೇರೆ, ಬ್ಯಾಟರಿ ಕಾರನ್ನು ಹೊಗಳುವವರು ಬೇರೆ. ಇಬ್ಬರೂ ಒಂದೇ ಮೀಟರಿನ ಕೆಳಗೆ ನಿಂತದ್ದನ್ನು ಯಾರೂ ನೋಡಿದಂತಿಲ್ಲ.

‘ಎಲ್ಲಿ’ ಎಂಬ ಪದಕ್ಕೆ ಇನ್ನೊಂದು ಅರ್ಥವಿದೆ. ಒಂದು ರೂಪಾಯಿ ಬೀಳಬೇಕಾದರೆ ಬೀಳಲಿಕ್ಕೆ ಒಂದು ಅಂಗಳ ಬೇಕು, ಅಂಗಳ ಸ್ವಂತದ್ದಾಗಬೇಕು, ಅದರ ಗೋಡೆಗೆ ಹದಿನೈದು ಆಂಪಿಯರಿನ ಪ್ಲಗ್ಗು ಬೇಕು, ಆ ಪ್ಲಗ್ಗಿಗೆ ಸರಿಯಾದ ಅರ್ಥಿಂಗ್ ಬೇಕು. ಕೊನೆಯದು ನನಗೆ ತಿಳಿದದ್ದು ಮೊದಲ ಬೇಸಿಗೆಯಲ್ಲಿ. ರಾತ್ರಿ ಹತ್ತಕ್ಕೆ ಚಾರ್ಜರು ಚುಚ್ಚಿದರೆ ಕೆಂಪು ದೀಪ ಮಿಟುಕಿಸುತ್ತ ನಿಂತಿತು. ಮಿಕ್ಸರು ನಡೆಯುತ್ತಿತ್ತು, ಗೀಸರು ನಡೆಯುತ್ತಿತ್ತು, ಕಾರು ಮಾತ್ರ ಕರೆಂಟು ಒಲ್ಲೆ ಎಂದಿತು. ಮರುದಿನ ಬಂದ ಎಲೆಕ್ಟ್ರಿಷಿಯನ್ನು ಚಾರ್ಜರನ್ನು ಮುಟ್ಟಲೂ ಇಲ್ಲ. ಹಿತ್ತಲಿಗೆ ಹೋಗಿ, ಮನೆ ಕಟ್ಟಿಸಿದಾಗ ಹುಗಿದಿದ್ದ ಅರ್ಥ್ ಪೈಪಿನ ಸುತ್ತಲಿನ ಮಣ್ಣು ಕೆದರಿ ತೋರಿಸಿದ. ಒಣಗಿ ಬಿರುಕು ಬಿಟ್ಟಿತ್ತು. ಇದ್ದಲು, ಉಪ್ಪು ತುಂಬಿ ಮೇಲೆ ಎರಡು ಕೊಡ ನೀರು ಸುರುವಿದ. ದೀಪ ಹಸಿರಾಯಿತು. “ದನಕ್ಕ ನೀರ ಕುಡಿಸಿದಂಗ ಎರಡ ದಿನಕ್ಕೊಮ್ಮೆ ಹಾಕ್ರಿ, ಮಾಸ್ತರ” ಎಂದು ಹೇಳಿ ಹೋದ. ಚೈತ್ರದಿಂದ ಮಿರ್ಗದ ಮಳೆಯ ತನಕ ಈಗ ಆ ಕೆಲಸ ನನ್ನದು. ಈ ಕಾರಿನ ಬಗ್ಗೆ ಯಾರೂ ಬರೆಯದ ಅತಿ ಮುಖ್ಯ ತಾಂತ್ರಿಕ ವಿವರ ಇದೇ ಎಂದು ನನ್ನ ನಂಬಿಕೆ.

ಅಂಗಳ ಬಿಟ್ಟು ಹೊರಗೆ ಬಂದರೆ ವಾಕ್ಯ ಪೂರ್ತಿ ಕುಸಿಯುತ್ತದೆ. ಹೆದ್ದಾರಿಯ ವೇಗದ ಚಾರ್ಜರುಗಳಲ್ಲಿ ಯುನಿಟ್ಟಿಗೆ ಇಪ್ಪತ್ತರ ಆಸುಪಾಸು, ಮೇಲೆ ಜಿಎಸ್‌ಟಿ. ಹೆದ್ದಾರಿಯ ವೇಗಕ್ಕೆ ಆರೂವರೆ ಕಿಲೋಮೀಟರು ಸಿಕ್ಕರೆ ಪುಣ್ಯ. ಕಿಲೋಮೀಟರಿಗೆ ಮೂರೂವರೆ ಆಯಿತು. ಹಳೆಯ ಡೀಸೆಲ್ ಕಾರಿಟ್ಟುಕೊಂಡ ನನ್ನ ಮಾವನವರಿಗೆ ನಾಲ್ಕೂವರೆ ಬೀಳುತ್ತದೆ. ಆ ಒಂದು ರೂಪಾಯಿ ಉಳಿಸಲು ನಾನು ಹುನಗುಂದದ ಹತ್ತಿರ ಹೆದ್ದಾರಿ ಹೋಟೆಲೊಂದರ ಮುಂದೆ, ಎರಡು ಗನ್ನುಗಳಲ್ಲಿ ಒಂದು ಕೆಟ್ಟು, ಇನ್ನೊಂದರಲ್ಲಿ ಬೇರೆ ಯಾರದೋ ಕಾರು ನಿಂತು, ಮುಕ್ಕಾಲು ಗಂಟೆ ಮಿರ್ಚಿ ತಿನ್ನುತ್ತ ಕೂತಿದ್ದೇನೆ. ಮಿರ್ಚಿಯ ಖರ್ಚನ್ನು ಲೆಕ್ಕಕ್ಕೆ ಹಿಡಿದಿಲ್ಲ.

ಕಂಪನಿಗಳು ಹೇಳುವ ದೂರದ ವಿಷಯವೂ ಇದೇ ಜಾತಿಯದು, ಬೇಗ ಮುಗಿಸುತ್ತೇನೆ. ನೆಕ್ಸಾನ್‌ನ 45 ಯುನಿಟ್ಟಿನ ಬ್ಯಾಟರಿಗೆ ಪ್ರಮಾಣಪತ್ರದ ಅಂಕಿ 489 ಕಿ.ಮೀ.; ಟಾಟಾದವರೇ ಪಕ್ಕದಲ್ಲಿ ವಾಸ್ತವದ ಅಂದಾಜು 350ರಿಂದ 375 ಎಂದು ಬರೆಯುತ್ತಾರೆ. ಆ ಪರೀಕ್ಷೆಯ ಗರಿಷ್ಠ ವೇಗವೇ ಗಂಟೆಗೆ 90 ಕಿ.ಮೀ. ಇಳಕಲ್ಲಿನಿಂದ ಆಷಾಢದ ಸಂಜೆ ಬಾಗಲಕೋಟೆಗೆ ಮರಳುವಾಗ ಪಡುವಣ ಗಾಳಿ ಎದೆಗೆ ಎದೆ ಕೊಟ್ಟು ನಿಂತಿರುತ್ತದೆ. ಹೋಗುವಾಗ ಏಳು ಕೊಟ್ಟ ಕಾರು ಬರುವಾಗ ಐದೂವರೆಗೆ ಇಳಿಯುತ್ತದೆ. ಈ ಗಾಳಿಯನ್ನು ಪ್ರಯೋಗಾಲಯದಲ್ಲಿ ಊದಿ ನೋಡಿದವರು ಯಾರೂ ಇಲ್ಲ. ಇಳಕಲ್ಲಿನಲ್ಲಿ ಸೀರೆ ಕೊಳ್ಳುವ ಹೆಂಗಸರನ್ನು ಗಮನಿಸಿ. ಅಂಗಡಿಯವನು ರೇಷ್ಮೆಯ ಟೋಪ್ ತೆನಿ ಸೆರಗನ್ನು ಹರವಿ ಹರವಿ ತೋರಿಸುತ್ತಾನೆ. ಅವರ ಬೆರಳು ಹೋಗುವುದು ಒಡಲಿನ ಎಳೆಯೂ ಸೆರಗಿನ ಎಳೆಯೂ ಕೊಂಡಿ ಹಾಕಿಕೊಂಡ ಜಾಗಕ್ಕೆ. ಕಾರು ಕೊಳ್ಳುವ ಗಂಡಸರು ಸೆರಗು ನೋಡಿ ಚೆಕ್ಕು ಬರೆಯುತ್ತೇವೆ.

ಇನ್ನು ವಿಮರ್ಶಕರ ಮಾತು. ಬೆಂಗಳೂರಿನ ವಿಡಿಯೋ ವಿಮರ್ಶಕರ ಒಂದು ಸಿದ್ಧಾಂತವಿದೆ: ಬ್ಯಾಟರಿ ಕಾರು ಮಹಾನಗರದ್ದು, ಜಿಲ್ಲೆಗಳಲ್ಲಿ ಚಾರ್ಜರುಗಳಿಲ್ಲ, ಅಲ್ಲಿಯವರು ಇನ್ನೂ ಐದು ವರ್ಷ ಕಾಯಲಿ. ಇದನ್ನು ಎಷ್ಟು ಗಂಭೀರವಾಗಿ ಹೇಳುತ್ತಾರೆಂದರೆ ಹೇಳುವವರು ಬಾಗಲಕೋಟೆಯ ಒಂದು ಮನೆಯನ್ನಾದರೂ ಹೊಕ್ಕು ನೋಡಿದ್ದಾರೆಯೇ ಎಂಬ ಅನುಮಾನ ಬರುತ್ತದೆ. ಆರನೆಯ ಮಹಡಿಯಲ್ಲಿ ವಾಸಿಸಿ, ನೆಲಮಾಳಿಗೆಯಲ್ಲಿ ಒಂದು ಪ್ಲಗ್ಗಿಗಾಗಿ ನಿವಾಸಿಗಳ ಸಂಘದ ಜೊತೆ ವರ್ಷಗಟ್ಟಲೆ ಪತ್ರ ಬರೆದುಕೊಳ್ಳುವ ಗೆಳೆಯ ನನಗೂ ಒಬ್ಬನಿದ್ದಾನೆ. ಆಲಮಟ್ಟಿಯ ಹಿನ್ನೀರಿಗೆ ಊರು ಕೊಟ್ಟು ನವನಗರದ ಸೆಕ್ಟರುಗಳಿಗೆ ಬಂದ ನಾವು ಕಳೆದುಕೊಂಡದ್ದು ಬಹಳ. ಸಿಕ್ಕದ್ದು ಸರಳರೇಖೆಯ ರಸ್ತೆ ಮತ್ತು ಮನೆಯ ಮುಂದೊಂದು ಗೇಟು. ಬ್ಯಾಟರಿ ಕಾರಿಗೆ ಬೇಕಾದದ್ದು ಆ ಗೇಟು. ಬಾದಾಮಿಗೆ ದಿನಾ ಹೋಗಿ ಬರುವ ಮಾಸ್ತರರಿಗೆ ಎಂಬತ್ತು ಕಿಲೋಮೀಟರು. ಬಾದಾಮಿ, ಪಟ್ಟದಕಲ್ಲು, ಐಹೊಳೆ, ಹುನಗುಂದ, ಇಳಕಲ್ ಸುತ್ತಿ ಅಮೀನಗಡದಲ್ಲಿ ಕರದಂಟು ಕಟ್ಟಿಸಿಕೊಂಡು ಮನೆಗೆ ಮರಳಿದರೂ ಇನ್ನೂರರ ಒಳಗೆ. ಈ ಬಳಸಿನೊಳಗೆ ಹೊರಗಿನ ಚಾರ್ಜರೇ ಬೇಡ. ಎರಡು ವರ್ಷದಲ್ಲಿ ನನ್ನ ಕಾರು ಇಪ್ಪತ್ತಾರು ಸಾವಿರ ಕಿಲೋಮೀಟರು ಓಡಿದೆ, ಅದರಲ್ಲಿ ಹತ್ತಕ್ಕೆ ಒಂಬತ್ತು ಪಾಲು ಅಂಗಳದ ಕರೆಂಟು. ನಗರದ ಕಾರೆಂದು ಹೆಸರಾದದ್ದು ಖರೇ ಅಂದರೆ ತಾಲ್ಲೂಕಿನ ಕಾರು. ಈ ಸರಳ ಮಾತು ಹೊಳೆಯಲು ಒಂದು ದಿನ ಕ್ಯಾಮೆರಾ ಹಿಡಿದು ವಿಧಾನಸೌಧದಿಂದ ಐನೂರು ಕಿಲೋಮೀಟರು ದೂರ ಬರಬೇಕಾಗುತ್ತದೆ. ಬಂದವರೂ ಬಾದಾಮಿಯ ಗುಹೆಯ ಮುಂದೆ ಕಾರು ನಿಲ್ಲಿಸಿ ಡ್ರೋನು ಹಾರಿಸಿ ಹೋಗುತ್ತಾರೆ.

ಕಟ್ಟೆಯ ವಿಮರ್ಶಕರು ಇವರಿಗಿಂತ ವಾಸಿ. ಬಸ್‌ಸ್ಟ್ಯಾಂಡಿನ ಚಹದಂಗಡಿಯಲ್ಲಿ ಅವರ ಆಕ್ಷೇಪ ಮೂರು: ಬೆಂಕಿ ಹತ್ತುತ್ತದೆ, ಮಳೆಗೆ ಷಾಕ್ ಹೊಡೆಯುತ್ತದೆ, ಎಂಟು ವರ್ಷಕ್ಕೆ ಬ್ಯಾಟರಿ ಸಾಯುತ್ತದೆ. ಮೊದಲಿನದು 2022ರಲ್ಲಿ ಸುಟ್ಟ ಸ್ಕೂಟರುಗಳ ನೆನಪು. ಎರಡನೆಯದಕ್ಕೆ ಉತ್ತರ ಬೇಡ. ಮೂರನೆಯದರಲ್ಲಿ ಹುರುಳಿದೆ. ಎಂಟು ವರ್ಷ ಅಥವಾ 1,60,000 ಕಿ.ಮೀ. ಎಂಬ ವಾರಂಟಿ ಕಾಗದದ ಮೇಲಿದೆ, ನಿಜ. ಆದರೆ ಹಳೆಯ ಡೀಸೆಲ್ ಕಾರನ್ನು ಇಳಕಲ್ಲಿನ ಯಾವ ಗ್ಯಾರೇಜಿನವನೂ ಎಂಜಿನ್ನಿನ ಸದ್ದು ಕೇಳಿ ಬೆಲೆ ಕಟ್ಟುತ್ತಾನೆ. ಈ ಮೂಕ ಬ್ಯಾಟರಿಯ ನಾಡಿ ಹಿಡಿಯುವವರು ಇಲ್ಲಿ ಇನ್ನೂ ತಯಾರಾಗಿಲ್ಲ. ನಾಡಿ ತಿಳಿಯದ ದನಕ್ಕೆ ಸಂತೆಯಲ್ಲಿ ಅರ್ಧ ಬೆಲೆ. ಹೊಸದಾಗಿ ಕೊಳ್ಳುವಾಗ ಪೆಟ್ರೋಲಿಗಿಂತ ಮೂರು ಲಕ್ಷ ಹೆಚ್ಚು ಕೊಟ್ಟಿದ್ದೀರಿ ಎಂದುಕೊಳ್ಳಿ. ಕಿಲೋಮೀಟರಿಗೆ ನಾಲ್ಕು ರೂಪಾಯಿ ಉಳಿದರೂ ಆ ಮೂರು ಲಕ್ಷ ತೀರಲು 75,000 ಕಿ.ಮೀ. ಬೇಕು, ತಿಂಗಳಿಗೆ ಸಾವಿರದಂತೆ ಆರು ವರ್ಷದ ಮೇಲೆ. ಹಾಗಾಗಿ ಮೂರನೆಯ ವರ್ಷಕ್ಕೆ ಮಾರುವವರಿಗೆ ಈ ಕಾರು ಬರೀ ನಷ್ಟ. ಸರ್ಕಾರದ ಮರ್ಜಿಯೂ ಬದಲಾಗುತ್ತ ಹೋಗುತ್ತದೆ. 2016ರಿಂದ ಇದ್ದ ರಸ್ತೆ ತೆರಿಗೆ ವಿನಾಯಿತಿ 2024ರಲ್ಲಿ 25 ಲಕ್ಷ ದಾಟಿದ ಕಾರುಗಳಿಗೆ ತಪ್ಪಿತು. 2025ರ ಸೆಪ್ಟೆಂಬರಿನಲ್ಲಿ ಸಣ್ಣ ಪೆಟ್ರೋಲ್ ಕಾರುಗಳ ಜಿಎಸ್‌ಟಿ ಶೇ. 18ಕ್ಕೆ ಇಳಿದು ಅಂತರ ಮತ್ತಷ್ಟು ಹಿಗ್ಗಿತು.

ಹೊಗೆಯ ಮಾತನ್ನೂ ಆಡಿಬಿಡುತ್ತೇನೆ. ಆಲಮಟ್ಟಿಯ ಜಲವಿದ್ಯುತ್ ಕೇಂದ್ರ 290 ಮೆಗಾವಾಟಿನದು. ಅದೇ ಅಣೆಕಟ್ಟಿನ ನೀರು ಕುಡಿದು ಕಲ್ಲಿದ್ದಲು ಸುಡುವ ಕೂಡಗಿಯ ಸ್ಥಾವರ 2,400 ಮೆಗಾವಾಟಿನದು. ಅಂಗಳದ ಪ್ಲಗ್ಗಿಗೆ ಬರುವ ಕರೆಂಟಿನ ಮೇಲೆ ಊರಿನ ಹೆಸರು ಬರೆದಿರುವುದಿಲ್ಲ. ದೇಶದ ಗ್ರಿಡ್ಡಿನಲ್ಲಿ ಯುನಿಟ್ಟಿಗೆ ಸುಮಾರು 0.7 ಕೆ.ಜಿ. ಇಂಗಾಲದ ಡೈ ಆಕ್ಸೈಡು. ನನ್ನ ಕಾರಿಗೆ ಕಿಲೋಮೀಟರಿಗೆ ನೂರು ಗ್ರಾಂ ಮೇಲೆ, ಪೆಟ್ರೋಲಿನದಕ್ಕೆ ನೂರಾ ನಲವತ್ತರ ಸುತ್ತ. ಕಡಿಮೆ, ಆದರೆ ‘ಹೊಗೆಯಿಲ್ಲದ ಕಾರು’ ಎಂದು ಹಿಂದಿನ ಗಾಜಿಗೆ ಚೀಟಿ ಅಂಟಿಸಿಕೊಳ್ಳುವಷ್ಟಲ್ಲ. ನನ್ನ ಕಾರಿಗೂ ಅಂಟಿಸಿ ಕೊಟ್ಟಿದ್ದರು, ಕಿತ್ತೆ.

ಹೊಗೆಗಿಂತ ದೊಡ್ಡ ಸಂಗತಿ ಸದ್ದಿಲ್ಲದಿರುವುದು. ಬನಶಂಕರಿ ಜಾತ್ರೆಗೆ ರೊಟ್ಟಿ ಬುಟ್ಟಿ ಇಟ್ಟುಕೊಂಡು ರಾತ್ರಿ ನಾಟಕಕ್ಕೆ ಹೋದಾಗ ಜನ ಕಾರಿನ ಮುಂದಿನಿಂದ ಸರಿಯುವುದೇ ಇಲ್ಲ. ಕಾರು ಬಂದದ್ದು ಅವರಿಗೆ ಕೇಳಿಸುವುದಿಲ್ಲ. ಹಾರ್ನು ಹೊಡೆದರೆ ಬೆಚ್ಚಿ ಬೈಯುತ್ತಾರೆ. ಗಾಜು ಇಳಿಸಿ “ಯಕ್ಕಾ, ಸ್ವಲ್ಪ ಸರೀರಿ” ಎನ್ನುತ್ತ ಒಂದು ಮೈಲಿ ಹೋದೆವು. ಒಳಗೆ ಕೂತ ನನ್ನ ತಾಯಿಗೆ ಮಾತ್ರ ಇದೇ ಇಷ್ಟ. ಸೊಂಟ ಅಲುಗುವುದಿಲ್ಲ, ಮಾತಾಡಿದ್ದು ಹಿಂದಿನ ಸೀಟಿಗೂ ಕೇಳಿಸುತ್ತದೆ ಎನ್ನುತ್ತಾಳೆ. ಕಾರಿನ ಬಗ್ಗೆ ನಾನು ಓದಿದ, ಕೇಳಿದ ಹೊಗಳಿಕೆಗಳಲ್ಲಿ ಇದಕ್ಕೆ ಮಾತ್ರ ತಿದ್ದುಪಡಿ ಬೇಕಾಗಿಲ್ಲ.

ಮೊನ್ನೆ ಪಕ್ಕದ ಮನೆಯವರು ಕೇಳಿದರು, ತಗೊಳ್ಳಲೋ ಬೇಡವೋ ಅಂತ. ಸ್ವಂತ ಮನೆ ಇದೆಯೇ ಎಂದು ನಾನು ಕೇಳಬೇಕಾಗಿಲ್ಲ, ಗೋಡೆಗೆ ಗೋಡೆ ಹತ್ತಿದೆ. ದಿನಕ್ಕೆ ಎಷ್ಟು ಓಡಾಟ ಎಂದೆ. ಮಗಳು ಗುಳೇದಗುಡ್ಡದ ಬ್ಯಾಂಕಿನಲ್ಲಿದ್ದಾಳೆ, ದಿನಾ ಬಿಟ್ಟು ಕರೆದುಕೊಂಡು ಬರುವುದು ಎಂದರು. ಎಷ್ಟು ವರ್ಷ ಇಟ್ಟುಕೊಳ್ಳುತ್ತೀರಿ ಎಂದೆ. ಹಿಂದಿನ ಕಾರು ಹದಿನಾಲ್ಕು ವರ್ಷವಾಯಿತಲ್ಲ ಎಂದು ಅದರ ಬಾನೆಟ್ಟು ತಟ್ಟಿದರು. ತಗೊಳ್ಳಿ ಎಂದೆ. ಬೆಂಗಳೂರಿಗೆ ಹೋಗಬೇಕೆಂದರೆ ಎಂದು ಕೇಳಿದರು. ಗೋಲಗುಂಬಜ್ ಎಕ್ಸ್‌ಪ್ರೆಸ್ಸಿಗೆ ನಾನೇ ಮುಂದಿನ ವಾರ ಟಿಕೆಟು ತೆಗೆಸಿದ್ದೇನೆ ಎಂದೆ.